ಅವ್ವನ ಅಳುವಿನಾಗ ನನ್ನ ಹೆಸರೂ ಇತ್ತು

ಸ್ವಲ್ಪ ಉದ್ದ ಆಗ್ತದ, ಪುರಸೊತ್ತು ಇದ್ದಾಗ ಓದ್ರಿ.

ಮೊನ್ನೆ ಆಳಂದ ತಾಲೂಕಿನ ಒಂದು ಹಳ್ಳಿಗೆ ಮಣ್ಣಿಗೆ ಹೋಗಿದ್ದೆ. ಯಾವ ಊರು, ಯಾರ ಮನಿ ಅಂತ ಬರಿಯಂಗಿಲ್ಲ, ಕಾರಣ ಮುಂದೆ ಗೊತ್ತಾಗ್ತದ. ತೀರಿಕೊಂಡವನಿಗೆ ಮೂವತ್ತೆರಡು ವಯಸ್ಸು. ಹೆಂಡತಿ ಗೋಡೆಗೆ ಬೆನ್ನು ಹಚ್ಚಿ ಕುಂತು ಜೋರಾಗಿ ಅಳ್ತಿದ್ದಳು. ಪ್ರಾರ್ಥನೆ ಸಭೆಯ ಹಿರಿಯರೊಬ್ಬರು ಬಂದು, "ಅಳಬ್ಯಾಡವ್ವ, ಅಂವ ಕರ್ತನ ಹತ್ರ ಹೋಗ್ಯಾನ. ನೀ ಹಿಂಗ ಅತ್ತರ ನಿನಗ ವಿಶ್ವಾಸ ಇಲ್ಲ ಅಂದಂಗ ಆಗ್ತದ" ಅಂದರು. ಹತ್ತು ನಿಮಿಷ ಆಗಿರಲಿಲ್ಲ, ನಮ್ಮ ಸಂಘಟನೆಯ ಹುಡುಗ ಮುಂದೆ ಹೋಗಿ, "ಅಕ್ಕಾ, ಅತ್ತರ ಏನೂ ಸಿಗಂಗಿಲ್ಲ, ಗಟ್ಟಿ ಆಗ್ರಿ, ಪರಿಹಾರಕ್ಕ ಹೋರಾಟ ಮಾಡೋಣ" ಅಂದ.

ಒಬ್ಬರ ಕೈಯಾಗ ಬೈಬಲ್, ಇನ್ನೊಬ್ಬನ ಹೆಗಲ ಮ್ಯಾಲೆ ನೀಲಿ ಶಾಲು. ಇಬ್ಬರೂ ಹೇಳಿದ್ದು ಒಂದೇ: ಅಳಬ್ಯಾಡ. ಆ ಹೆಣ್ಣುಮಗಳು ಸೆರಗು ಬಾಯಿಗೆ ತುರುಕಿಕೊಂಡು ಸುಮ್ಮನಾದಳು. ನನಗೆ ನಮ್ಮ ಅವ್ವ ನೆನಪಾದಳು.

ಅವ್ವನ ತವರು ಆಳಂದ ತಾಲೂಕು. ಬೀದರ್, ಕಲಬುರಗಿ ಕಡೆ ನಿಜಾಮರ ಕಾಲದಲ್ಲೇ ಮೆಥೋಡಿಸ್ಟ್ ಮಿಷನರಿಗಳು ಬಂದು ನಮ್ಮ ಕೇರಿಗಳಲ್ಲಿ ಸಾಲಿ, ದವಾಖಾನಿ ಮಾಡಿದ್ದು ನಿಮಗೆ ಗೊತ್ತೇ ಅದ. ಅವ್ವನ ತವರಿನ ಓಣಿಯಲ್ಲೂ ಯೇಸು ನಾಮ ಹಿಡಿದ ಮನಿಗಳಿದ್ದವು. ಮದುವೆಯಾಗಿ ಬಂದದ್ದು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಊರಿಗೆ. ಅಪ್ಪ ಮೊಹರಂನಲ್ಲಿ ಅಲಾಯಿ ಕುಣಿಯ ಮುಂದೆ ರಿವಾಯತ್ ಹಾಡುತ್ತಿದ್ದ. ಕರ್ಬಲಾದಲ್ಲಿ ನೀರಿಲ್ಲದೆ ಸತ್ತ ಮಕ್ಕಳ ಕತಿ ಹೇಳಿ ಊರನ್ನೇ ಅಳಿಸುತ್ತಿದ್ದ. ಅವ್ವ ಶುಕ್ರವಾರ ಪ್ರಾರ್ಥನೆಗೆ ಹೋಗುತ್ತಿದ್ದಳು. ನಾನು ಬಿ.ಎ. ಓದುವಾಗ ಬಾಬಾಸಾಹೇಬರನ್ನು ಓದಿ ದೇವರ ಗೊಡವಿ ಬಿಟ್ಟೆ. ಒಂದೇ ಮನಿ, ಮೂರು ದಾರಿ, ಜಗಳ ಇರಲಿಲ್ಲ. ನೌಕರಿ ಸಿಕ್ಕ ಮೇಲೆ ನಾನು ಜೇವರ್ಗಿಗೆ ಬಂದೆ.

ಅವ್ವನಿಗೆ ಹಾಡಿ ಅಳೋದು ಬರುತ್ತಿತ್ತು. ನಮ್ಮ ಭಾಗದ ಹೆಣ್ಣುಮಕ್ಕಳ ಅಳು ಕೇಳಿದವರಿಗೆ ಗೊತ್ತು, ಅದು ಬರೇ ಕಣ್ಣೀರಲ್ಲ. ಸತ್ತವನ ಹೆಸರು ಹಿಡಿದು ಕರೀತಾರ, ಏನು ಉಂಡ, ಏನು ಉಡಲಿಲ್ಲ ಅಂತ ಲೆಕ್ಕ ಒಪ್ಪಿಸ್ತಾರ. ಸಾಲ ಕೊಟ್ಟು ಹಿಂಸೆ ಮಾಡಿದವ, ಕೂಲಿ ಮುರಿದವ, ನೋಡಾಕ ಬಾರದ ಅಣ್ಣತಮ್ಮ, ಎಲ್ಲರ ಹೆಸರೂ ಬರ್ತಾವ. ದೇವರನ್ನೂ ಬಿಡಂಗಿಲ್ಲ. ಆ ಹೊತ್ತಿನಲ್ಲಿ ಗೌಡನೂ ಎದುರು ಮಾತಾಡಂಗಿಲ್ಲ. ಊರ ಮಂದಿಯ ಸಾವಿಗೆಲ್ಲ ಹಲಗಿ ಬಡಿದವರು ನಾವು, ಸಾವಿನ ಸುದ್ದಿ ಹೊತ್ತು ಊರೂರು ತಿರುಗಿದವರು ನಾವು. ನಮ್ಮ ಸ್ವಂತ ಸಾವಿಗೆ ನಮ್ಮ ಹತ್ತಿರ ಉಳಿದಿದ್ದು ಈ ಅಳು ಒಂದೇ.

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಆಮೇಲೆ ವರದಿ ಬಂತು, ಅದು ದೇಶದ ಮೊದಲ ಕೋವಿಡ್ ಸಾವು. ಆ ವರ್ಷ ಗುಡ್ ಫ್ರೈಡೇ ಏಪ್ರಿಲ್ 10ಕ್ಕೆ ಬಂತು, ಚರ್ಚುಗಳಿಗೆ ಬೀಗ. ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ ನನ್ನ ತಮ್ಮ ಊರಿಗೆ ವಾಪಸ್ ಬಂದ. ಅಕ್ಟೋಬರಿನಲ್ಲಿ ಭೀಮಾ ತುಂಬಿ ಅಫಜಲಪುರ, ಜೇವರ್ಗಿಯ ದಂಡೆ ಊರುಗಳಿಗೆಲ್ಲ ನೀರು ನುಗ್ಗಿತು. ನಮ್ಮ ಮನಿಯ ಒಂದು ಗೋಡಿ ಬಿತ್ತು, ಅವ್ವನ ಟ್ರಂಕಿನೊಳಗೂ ನೀರು ಹೋಯಿತು. ತಮ್ಮನ ಫೋಟೋಗಳೆಲ್ಲ ಹಾಳಾದವು. ಅವ್ವನ ಬೈಬಲ್ ಮಾತ್ರ ಬಿಸಿಲಿಗೆ ಒಣಗಿಸಿದ ಮೇಲೆ ಇಟ್ಟಿಗಿಯಂಗ ಉಬ್ಬಿ ಉಳಿಯಿತು.

2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ತಮ್ಮ ಹೋದ. ಒಂದು ಬೆಡ್‌ಗಾಗಿ ನಾನು ಎರಡು ದಿನ ಫೋನ್ ಮಾಡಿದ್ದೆ. ಸರ್ಕಾರಿ ಕಚೇರಿಯ ಗುಮಾಸ್ತ, ಸಂಘಟನೆಯ ಮುಖಂಡ, ಹತ್ತು ಅಧಿಕಾರಿಗಳ ನಂಬರ್ ಇಟ್ಟುಕೊಂಡವ. ಸಿಕ್ಕಿತು, ಆದರೆ ತಡವಾಗಿ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕೊಟ್ಟರು. ನಾನು, ಚಿಕ್ಕಪ್ಪನ ಮಗ, ಹೆಸರು ಕೂಡ ಕೇಳದೆ ಹೆಗಲು ಕೊಟ್ಟ ನಾಲ್ಕು ಜನ ಸ್ವಯಂಸೇವಕ ಹುಡುಗರು, ಇಷ್ಟೇ ಮಂದಿ ಕಲಬುರಗಿಯಲ್ಲೇ ಮಣ್ಣು ಮಾಡಿದೆವು. ಊರಲ್ಲಿದ್ದ ಅವ್ವ ಮಗನ ಮುಖ ನೋಡಲಿಲ್ಲ.

ನಾನು ಊರಿಗೆ ಹೋದಾಗ ಅವ್ವ ಬಾಯಿ ತೆಗೆದಳು. ಅಷ್ಟರಲ್ಲಿ ಯಾರೋ ಫೋನ್ ಹಚ್ಚಿ ಅವಳ ಕಿವಿಗೆ ಇಟ್ಟರು. ಆ ಕಡೆಯಿಂದ ಪಾಸ್ಟರ್ ಮಾತು: ನಿರೀಕ್ಷೆ ಇಲ್ಲದವರಂತೆ ದುಃಖಿಸಬಾರದು ಅಂತ ಪೌಲ ಬರೆದಾನ, ಅಳಬ್ಯಾಡಮ್ಮ, ಸ್ತೋತ್ರ ಮಾಡು. ಫೋನ್ ಇಟ್ಟ ಮೇಲೆ ನಾನೂ ಹೇಳಿದೆ, "ಅವ್ವಾ, ಅತ್ತು ಏನು ಮಾಡ್ತಿ? ಮೊದಲ ಕಾಗದಪತ್ರ ಮಾಡೋಣ." ಅವ್ವ ಸುಮ್ಮನಾದಳು. ಆ ಸುಮ್ಮನಿರುವಿಕೆ ಒಂದು ವರ್ಷದ ಮೇಲೆ ನಡೀತು.

ನಾನು ಕಾಗದಪತ್ರ ಚೆನ್ನಾಗಿ ಮಾಡಿದೆ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿದೆ. ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬಕ್ಕೆ ಘೋಷಿಸಿದ 1 ಲಕ್ಷಕ್ಕೂ, ಸುಪ್ರೀಂ ಕೋರ್ಟ್ ಆದೇಶದ ನಂತರ ಬಂದ 50,000ಕ್ಕೂ ಫೈಲ್ ಮಾಡಿದೆ. ನಮ್ಮ ಮನಿಯಷ್ಟೇ ಅಲ್ಲ, ಬಹಳ ಮನಿಗಳ ಅರ್ಜಿ ಬರೆದುಕೊಟ್ಟೆ. ಮಂದಿ ಹೊಗಳಿದರು. ಅವ್ವನ ಹತ್ತಿರ ಮಾತ್ರ ಒಂದು ತಾಸು ಸುಮ್ಮನೆ ಕುಂತಿರಲಿಲ್ಲ.

ಒಂದು ರಾತ್ರಿ ಅವ್ವನೇ ಆ ಉಬ್ಬಿದ ಬೈಬಲ್ ತಂದು ಮುಂದಿಟ್ಟಳು. ಅವಳಿಗೆ ಓದಾಕ ಬರಂಗಿಲ್ಲ. "ಇದರಾಗ ಅತ್ತವರು ಯಾರೂ ಇಲ್ಲೇನಪಾ? ಎಲ್ಲಾರೂ ಸ್ತೋತ್ರನೇ ಮಾಡ್ಯಾರೇನು? ನೋಡಿ ಹೇಳು" ಅಂದಳು.

ದೇವರ ಗೊಡವಿ ಬಿಟ್ಟವ ನಾನು, ಅವ್ವನಿಗಾಗಿ ಓದಾಕ ಕುಂತೆ. ಓದಿದಷ್ಟೂ ಸಿಟ್ಟು ಬಂತು, ಬೈಬಲ್ ಮ್ಯಾಲಲ್ಲ. ಇಷ್ಟೊಂದು ಅಳು ಇದ್ದ ಪುಸ್ತಕ ಕೈಯಾಗ ಹಿಡಿದು ಅಳಬ್ಯಾಡ ಅಂತ ಹ್ಯಾಂಗ ಹೇಳಿದರು?

150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಗೋಳಿನ ಹಾಡುಗಳೇ ಇವೆ. 13ನೆಯದರಲ್ಲಿ ಎಲ್ಲಿಯ ತನಕ ಅಂತ ದೇವರಿಗೆ ಮತ್ತೆ ಮತ್ತೆ ಕೇಳ್ತಾನ. 88ನೆಯದು ಸಮಾಧಾನ ಇಲ್ಲದೆ ಕತ್ತಲಲ್ಲೇ ಮುಗಿತದ. ಯಾರೂ ಅದಕ್ಕೆ ಒಂದು ಒಳ್ಳೆ ಕೊನಿ ಹಚ್ಚಿ ಸರಿ ಮಾಡಿಲ್ಲ. ಪ್ರಲಾಪಗಳು ಅಂತ ಒಂದು ಪುಸ್ತಕವೇ ಅದ, ಐದು ಅಧ್ಯಾಯ. ಬಾಬೆಲಿನ ಸೈನ್ಯ ಜೆರುಸಲೇಮನ್ನು ಸುಟ್ಟ ಮೇಲಿನ ಅಳು. ಮೊದಲ ನಾಲ್ಕು ಅಧ್ಯಾಯ ಹೀಬ್ರೂ ಭಾಷೆಯ 22 ಅಕ್ಷರಗಳ ಸಾಲಿನ ಪ್ರಕಾರ ಕಟ್ಟಿದ್ದಾರೆ, ನಮ್ಮಲ್ಲಿ ಅ ಆ ಇ ಈ ಹಿಡಿದು ಅತ್ತಂಗ. ಊರನ್ನು ಅಲ್ಲಿ ರಾತ್ರಿಯೆಲ್ಲ ಅಳುವ ವಿಧವೆಯಂಗ ತೋರಿಸ್ಯಾರ. ಹಸಿದ ಕೂಸುಗಳ ಲೆಕ್ಕ ಅದ, ವೈರಿಯ ಹೆಸರು ಅದ, ದೇವರ ಮ್ಯಾಲೆ ನೇರ ಆರೋಪ ಅದ. ಅವ್ವ ಕೇಳಿ, "ಇದು ನಮ್ಮ ಕೇರಿ ಹೆಣ್ಣಮಕ್ಕಳು ಹಾಡಿ ಅತ್ತಂಗೇ ಅದ ನೋಡು" ಅಂದಳು. ನನಗೂ ಹಂಗೇ ಕೇಳಿಸಿತ್ತು.

ಪಾಸ್ಟರ್ ಹೇಳಿದ ಪೌಲನ ಮಾತನ್ನೂ ಹುಡುಕಿದೆ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರ, ನಾಲ್ಕನೇ ಅಧ್ಯಾಯ. ನಿರೀಕ್ಷೆ ಇಲ್ಲದವರಂಗ ದುಃಖ ಮಾಡಬ್ಯಾಡ್ರಿ ಅಂತಾನೇ ಹೊರತು ದುಃಖವನ್ನೇ ಮಾಡಬ್ಯಾಡ್ರಿ ಅಂದಿಲ್ಲ. ಅದೇ ಪೌಲ ರೋಮಾಪುರದವರಿಗೆ ಬರೆಯುವಾಗ ಅಳುವವರ ಸಂಗಡ ಅಳ್ರಿ ಅಂತ ಹೇಳ್ಯಾನ. ಯೇಸು ಗೆಳೆಯ ಲಾಜರನ ಸಮಾಧಿಗೆ ಹೋದಾಗ, ಅವನನ್ನು ಎಬ್ಬಿಸಾಕಂತಲೇ ಹೋಗಿದ್ದರೂ, ಮೊದಲು ಅತ್ತ. ಯೇಸುವಿಗೂ ವಿಶ್ವಾಸ ಕಡಿಮೆ ಇತ್ತು ಅನ್ನೋಣೇನು?

ಅವ್ವನಿಗೆ ಬಹಳ ಹಿಡಿಸಿದ್ದು ಎರಡನೇ ಸಮುವೇಲದ 21ನೇ ಅಧ್ಯಾಯದ ರಿಚ್ಪಳ ಕತಿ. ಅಕಿ ಸೌಲ ರಾಜನ ಉಪಪತ್ನಿ. ಸೌಲ ಸತ್ತ ಮೇಲೆ, ಅಂವ ಮಾಡಿದ ಕೊಲೆಗಳ ಲೆಕ್ಕ ಚುಕ್ತಾ ಮಾಡಾಕ ದಾವೀದ ರಾಜ ಸೌಲನ ವಂಶದ ಏಳು ಜನರನ್ನು ವೈರಿಗಳ ಕೈಗೆ ಕೊಟ್ಟುಬಿಟ್ಟ. ಅವರನ್ನ ಕೊಂದು ಗುಡ್ಡದ ಮ್ಯಾಲೆ ಬಿಟ್ಟರು. ಅದರಾಗ ಇಬ್ಬರು ರಿಚ್ಪಳ ಮಕ್ಕಳು. ಅಕಿ ಬಂಡೆ ಮ್ಯಾಲೆ ಗೋಣಿತಟ್ಟು ಹಾಸಿಕೊಂಡು ಸುಗ್ಗಿಯಿಂದ ಮಳೆ ಬೀಳೋತನಕ ಕುಂತಳು. ಹಗಲು ಹಕ್ಕಿ, ರಾತ್ರಿ ಕಾಡುಪ್ರಾಣಿ ಹೆಣ ಮುಟ್ಟದಂಗ ಕಾಯ್ದಳು. ಆ ಸುದ್ದಿ ರಾಜನಿಗೆ ಮುಟ್ಟಿತು. ಅಂವ ಸತ್ತವರ ಎಲುಬುಗಳನ್ನೆಲ್ಲ ಕೂಡಿಸಿ, ಸೌಲ ಮತ್ತು ಯೋನಾತಾನರ ಎಲುಬುಗಳನ್ನು ಅವರ ವಂಶದ ಸಮಾಧಿಯಲ್ಲಿ ಮಣ್ಣು ಮಾಡಿಸಿದ.

ಗೆಳೆಯರೇ, ಸ್ಮಶಾನ ಭೂಮಿಗಾಗಿ ನಾವು ಕಚೇರಿ ಮುಂದೆ ಹೆಣ ಇಟ್ಟು ಧರಣಿ ಮಾಡ್ತೀವಲ್ಲ, ಅದು ರಿಚ್ಪಳ ಕೆಲಸ. ಅಳು ಬೇರೆ, ಹೋರಾಟ ಬೇರೆ ಅಂತ ನಾವು ತಿಳಿದದ್ದು ತಪ್ಪು. ಅಳು ಅಂದರೆ ದೂರು. ಕೇಳುವವ ಒಬ್ಬ ಅದಾನ ಅಂತ ನಂಬಿದವರೇ ದೂರು ಕೊಡೋದು. ವಿಶ್ವಾಸ ಸತ್ತವರು ಅಳಂಗಿಲ್ಲ, ಸುಮ್ಮನಾಗ್ತಾರ. ಅವ್ವ ಆಗಿದ್ದಳಲ್ಲ, ಹಂಗ.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಶುರುವಾಯಿತು ಅಂತಾರೆ. ನಮ್ಮ ನೋವಿನಿಂದಲೇ ದೇವರನ್ನು ತಿಳೀಬೇಕು ಅನ್ನೋದು ಅವರ ವಾದ. ಅದು ಕಾಲೇಜಿನಲ್ಲೇ ಉಳಿಯಿತೋ ಏನೋ, ಕೇರಿಯ ಮಣ್ಣಿನ ಮನಿಗೆ ಇನ್ನೂ ಬಂದಿಲ್ಲ.

ಈಗ ಆಳಂದದ ಆ ಮಣ್ಣಿನ ಮಾತಿಗೆ ಬರ್ತೀನಿ. ಗುಣಿ ಮುಚ್ಚಿದ ಮೇಲೆ ಅಣ್ಣತಮ್ಮರು ಪಿಸುಮಾತಿನಲ್ಲಿ, "ಶಿಲುಬಿ ನಡಬ್ಯಾಡ್ರಿ, ಹುಡುಗ್ರ ಸರ್ಟಿಫಿಕೇಟ್ ಹೋಗ್ತದ" ಅಂದರು. ಬರೇ ಒಂದು ಕಲ್ಲು ಇಟ್ಟು ಬಂದೆವು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದರೆ ಹಿಂದೂ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತನಾದ ದಲಿತ ಇನ್ನೂ ಹೊರಗೆ. ನಮ್ಮ ರಾಜ್ಯದಲ್ಲಿ ಅವನು ಪ್ರವರ್ಗ-1. ಅಟ್ರಾಸಿಟಿ ಕಾಯ್ದೆಯ ರಕ್ಷಣೆಯೂ ಇಲ್ಲ. ಊರಲ್ಲಿ ಮಾತ್ರ ಅವನ ಜಾತಿ ಯಾರೂ ಮರೆತಿಲ್ಲ, ಚಹಾದಂಗಡಿಯೂ ಮರೆತಿಲ್ಲ, ಸ್ಮಶಾನವೂ ಮರೆತಿಲ್ಲ. ಇದನ್ನು ನೋಡಾಕ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು. ಇತ್ತ ನಮ್ಮ ಮಂದಿ ಹೆಣವನ್ನೂ ಕದ್ದು ಹೂಳಬೇಕು, ಅಳುವನ್ನೂ ಕದ್ದು ಅಳಬೇಕು. ಮೀಸಲಾತಿ ಪ್ರಶ್ನೆಯಲ್ಲಿ ನಮ್ಮೊಳಗೇ ಭಿನ್ನಾಭಿಪ್ರಾಯ ಅದ, ಅದನ್ನ ಕುಂತು ಮಾತಾಡೋಣ. ಆದರೆ ಸತ್ತವನ ತಲಿ ಕಡೆ ಅವನ ನಂಬಿಕೆಯ ಗುರುತು ನಡಲಾರದ ದೇಶ ಇದು ಅನ್ನೋದರಾಗ ಭಿನ್ನಾಭಿಪ್ರಾಯ ಇರಬಾರದು.

ಬಾಬಾಸಾಹೇಬರು ಅಳಲಿಲ್ಲ ಅಂತ ನಮ್ಮ ಹುಡುಗರು ತಿಳಕೊಂಡಾರ. ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟವರು ಅವರು. 1926ರಲ್ಲಿ ಕೊನೆಯ ಮಗ ರಾಜರತ್ನ ಹೋದ ಮೇಲೆ, ತಾನೂ ರಮಾಬಾಯಿಯೂ ಆ ಪೆಟ್ಟಿನಿಂದ ಎದ್ದಿಲ್ಲ ಅಂತ ಗೆಳೆಯರಿಗೆ ಪತ್ರ ಬರೆದರು, ಮುಚ್ಚಿಡಲಿಲ್ಲ. ಮರುವರ್ಷ 1927ರ ಮಾರ್ಚ್‌ನಲ್ಲಿ ಮಹಾಡದ ಕೆರೆಗೆ ಇಳಿದರು. ಅತ್ತವರು ಹೋರಾಟ ಮಾಡಂಗಿಲ್ಲ ಅಂತ ಯಾರು ಹೇಳಿದ್ದು?

ಕೊನೆಗೆ ನನ್ನ ತಪ್ಪು ಒಪ್ಪಿಕೊಂಡು ಮುಗಿಸ್ತೀನಿ. 2022ರ ಮಳೆಗಾಲ ಮುಗಿದ ಮೇಲೆ ಅವ್ವನನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ತಮ್ಮನ ಗುಣಿ ತೋರಿಸಿದೆ. ಹುಲ್ಲು ಬೆಳೆದಿತ್ತು. ಅವ್ವ ಕುಂತಳು, ಮಣ್ಣು ಸವರಿದಳು, ಆಮೇಲೆ ಹಾಡಿ ಅಳಾಕ ಶುರು ಮಾಡಿದಳು. ಪುಣೆಯ ಮುಕಾದಮನ ಹೆಸರು ಬಂತು, ಬಾಕಿ ಉಳಿದ ಕೂಲಿ ಬಂತು, ಮುಖ ತೋರಿಸದ ಪ್ಲಾಸ್ಟಿಕ್ ಬಂತು. ದೇವರನ್ನು ಕೇಳಿದಳು, ನೀ ಎಲ್ಲಿದ್ದಿ ಅಂತ. ಆಮೇಲೆ ನನ್ನ ಹೆಸರು ಬಂತು. ಆಫೀಸಿನಾಗ ಕುರ್ಚಿ ಮ್ಯಾಲೆ ಕುಂತ ಅಣ್ಣ ಇದ್ದೂ ನಿನಗ ಒಂದು ಮಂಚ ಸಿಗಲಿಲ್ಲಲ್ಲೋ ಕೂಸಾ, ಅಂದಳು.

ಆವತ್ತು ನಾನು ಕಾಗದಪತ್ರದ ಮಾತು ತೆಗೆದು ಅವ್ವನ ಬಾಯಿ ಮುಚ್ಚಿಸಿದ್ದು ಅವಳ ಸಲುವಾಗಿ ಅಲ್ಲ. ಆ ಅಳುವಿನಾಗ ನನ್ನ ಹೆಸರು ಬರ್ತದ ಅಂತ ನನಗೆ ಗೊತ್ತಿತ್ತು. ಪಾಸ್ಟರಿಗೆ ದೇವರ ಹೆಸರು ಬರ್ತದಂತ ಅಂಜಿಕೆ, ನನಗೆ ನನ್ನ ಹೆಸರಿನ ಅಂಜಿಕೆ. ಅಳಬ್ಯಾಡ ಅನ್ನುವವರ ಹಿಂದೆ ಬಹಳ ಸಲ ಇಂಥದ್ದೊಂದು ಅಂಜಿಕೆ ಇರ್ತದ.

ನಾನು ಎದ್ದು ಹೋಗಲಿಲ್ಲ. ಕುಂತು ಪೂರ್ತಿ ಕೇಳಿದೆ. ಮುಗಿದ ಮೇಲೆ ಅವ್ವ ಕಣ್ಣು ಒರೆಸಿಕೊಂಡು, "ನೀರು ತಂದೀಯೇನು?" ಅಂದಳು. ಬಾಟಲಿ ಕೊಟ್ಟೆ. ಅರ್ಧ ಕುಡಿದಳು, ಅರ್ಧ ಗುಣಿಗೆ ಹಾಕಿದಳು. ಆವತ್ತು ರಾತ್ರಿ ಒಂದು ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಪ್ರಾರ್ಥನೆ ಮಾಡಿದಳು. ಬಹಳ ಜಗಳದ ಪ್ರಾರ್ಥನೆ ಅದು.

ಸಂಗಾತಿಗಳೇ, ಸಾವಿನ ಮನಿಗೆ ಹೋದಾಗ ಭಾಷಣ ಬ್ಯಾಡ, ಫೈಲೂ ಬ್ಯಾಡ. ನೋಂದಣಿಗೆ 21 ದಿನ ಅವ, ಮೂರು ದಿನ ತಡೀರಿ, ನಾನೇ ಬಂದು ಅರ್ಜಿ ತುಂಬಿ ಕೊಡ್ತೀನಿ. ಮೊದಲು ನೆಲದ ಮ್ಯಾಲೆ ಕುಂದರ್ರಿ. ಅವರು ಯಾರ ಹೆಸರು ತೆಗೀತಾರೋ ತೆಗೀಲಿ. ನಿಮ್ಮ ಹೆಸರು ಬಂದರೆ ಎದ್ದು ಹೋಗಬ್ಯಾಡ್ರಿ.

ನಾಳೆ ಆಳಂದಕ್ಕೆ ಮತ್ತೆ ಹೋಗ್ತೀನಿ. ಆ ತಂಗಿಯ ಬಾಯೊಳಗಿನ ಸೆರಗು ತೆಗೆಸಬೇಕು.

ಜೈಭೀಮ್.