ಬೀಡಿನ ಬಾಣಲೆಯೂ ನಮ್ಮ ಅಡಿಗೆಮನೆಯೂ

"ಎಲ್ಲರ ಮನೆ ದೋಸೆಯೂ ತೂತೇ, ನಮ್ಮ ಮನೆ ಕಾವಲಿಯೇ ತೂತು" ಎಂಬ ಗಾದೆ ನಮಗೆಲ್ಲ ಗೊತ್ತು. ಕಾವಲಿಗೆ ತೂತಿಲ್ಲದೆಯೂ ದೋಸೆ ಏಳದೆ ಹೋದರೆ ಏನು ಮಾಡಬೇಕೆಂದು ಮಾತ್ರ ಗಾದೆ ಹೇಳುವುದಿಲ್ಲ. ಅಮೆರಿಕಕ್ಕೆ ಬಂದ ನಮ್ಮಂಥ ಬಹಳ ಮಂದಿ ಅದಕ್ಕೆ ಕಂಡುಕೊಂಡ ಉಪಾಯ ನಾನ್‌ಸ್ಟಿಕ್ ಪ್ಯಾನು. ಹಗುರ, ಅಂಟುವುದಿಲ್ಲ, ತೊಳೆಯುವುದೂ ಸುಲಭ. ಆದರೆ ಕೆಲವು ವರ್ಷಕ್ಕೆ ಲೇಪವೆಲ್ಲ ಗೀಚಿಹೋಗಿ ಕಸದ ಡಬ್ಬ ಸೇರುತ್ತದೆ, ಹೊಸದು ಬರುತ್ತದೆ. ಒಹಾಯೊದಲ್ಲಿರುವ ನಮ್ಮ ಮನೆಯಲ್ಲಿ ಹಾಗೆ ನಾಲ್ಕೈದು ಪ್ಯಾನು ಬಂದು ಹೋದ ಮೇಲೆ, ನಾವಿಬ್ಬರೂ ಮಾತಾಡಿಕೊಂಡು ಬೀಡಿಗೆ, ಅಂದರೆ ಎರಕದ ಕಬ್ಬಿಣಕ್ಕೆ, ಶರಣಾದೆವು. ಕೂಟದ ಪಾಟ್‌ಲಕ್ಕಿನಲ್ಲಿ ನಮ್ಮ ಅಕ್ಕಿ ರೊಟ್ಟಿ ತಿಂದವರು "ಯಾವುದರಲ್ಲಿ ತಟ್ಟುತ್ತೀರಿ? ನಮಗೂ ಹೇಳಿಕೊಡಿ" ಎಂದು ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ಒಟ್ಟಿಗೆ ಉತ್ತರವಾಗಲಿ ಎಂದು ಈ ನಾಲ್ಕು ಮಾತು.

ನಾವಿರುವ ಈ ಸೀಮೆ ಬೀಡಿನ ಪಾತ್ರೆಗಳಿಗೆ ತವರೇ ಸರಿ. ನಮ್ಮ ಒಹಾಯೊದ ಸಿಡ್ನಿ ಎಂಬ ಊರಿನಲ್ಲಿ 1891ರಲ್ಲಿ ವ್ಯಾಗ್ನರ್ ಕಂಪನಿ ಶುರುವಾಯಿತು. ಪಕ್ಕದ ಪೆನ್ಸಿಲ್ವೇನಿಯಾದ ಈರಿಯಲ್ಲಿ ಗ್ರಿಸ್ವೋಲ್ಡ್ ಕಂಪನಿಯ ಕಾರ್ಖಾನೆ 1957ರವರೆಗೆ ನಡೆಯಿತು. ಟೆನೆಸಿಯ ಸೌತ್ ಪಿಟ್ಸ್‌ಬರ್ಗಿನಲ್ಲಿ 1896ರಲ್ಲಿ ಆರಂಭವಾದ ಲಾಡ್ಜ್ ಇಂದಿಗೂ ನಡೆದಿದೆ. ಇಲ್ಲಿಯವರು ಸ್ಕಿಲೆಟ್ ಎನ್ನುವುದು ಚಪ್ಪಟೆ ತಳ, ಎರಡಂಗುಲ ಎತ್ತರದ ಅಂಚು, ಒಂದು ಹಿಡಿ ಇರುವ ಬಾಣಲೆ. ಹಳೆಯ ಕಾಲದವುಗಳ ಒಳಮೈಯನ್ನು ಉಜ್ಜಿ ನುಣ್ಣಗೆ ಮಾಡುತ್ತಿದ್ದರು. ಈಗಿನವು ಸ್ವಲ್ಪ ತರಿತರಿ. ನಮ್ಮ ಮೊದಲನೆಯ ಬಾಣಲೆ ಗರಾಜ್ ಸೇಲಿನಲ್ಲಿ ಐದು ಡಾಲರಿಗೆ ಸಿಕ್ಕಿದ ವ್ಯಾಗ್ನರ್. ಹಳೆಯದನ್ನು ಕೊಳ್ಳುವವರು ಮೂರು ಪರೀಕ್ಷೆ ಮಾಡಿ. ಸಮತಟ್ಟಾದ ಕಡೆ ಇಟ್ಟು ಅಲ್ಲಾಡುತ್ತದೆಯೇ ನೋಡಿ. ಬೆರಳಿನ ಗಂಟಿನಿಂದ ಬಡಿದು ಕೇಳಿ: ಗಂಟೆಯಂತೆ ನುಡಿದರೆ ಒಳ್ಳೆಯದು, ಬೋದಾದರೆ ಬಿರುಕಿರಬಹುದು. ಮೂರನೆಯದು ಮುಖ್ಯ. ಹಿಂದೆ ಕೆಲವರು ಇಂಥ ಬಾಣಲೆಗಳಲ್ಲಿ ಬಂದೂಕಿನ ಗುಂಡಿಗೆ, ಮೀನು ಗಾಳದ ತೂಕಕ್ಕೆ ಸೀಸ ಕರಗಿಸುತ್ತಿದ್ದರು. ಆದ್ದರಿಂದ ಸೀಸ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಅನುಮಾನ ಬಂದರೆ ಅದನ್ನು ಅಲ್ಲೇ ಬಿಟ್ಟು, ಹೊಸದನ್ನೇ ತನ್ನಿ. ಹೊಸದೇನೂ ದುಬಾರಿಯಲ್ಲ.

ಇನ್ನು ಪಳಗಿಸುವ ವಿಷಯ. ಎತ್ತನ್ನು, ಆನೆಯನ್ನು ಪಳಗಿಸಿದಂತೆ ಕಾವಲಿಯನ್ನೂ ಪಳಗಿಸುವುದು ಎಂಬ ಮಾತು ನಮ್ಮ ಭಾಷೆಯಲ್ಲಿದೆ. ಊರಿನಲ್ಲಿ ಹೊಸ ಕಾವಲಿಯನ್ನು ಗಂಜಿ ತಿಳಿಯಲ್ಲಿ ದಿನಗಟ್ಟಲೆ ನೆನೆಸಿ, ಎಣ್ಣೆ ಸವರಿ, ಈರುಳ್ಳಿ ಹುರಿದು ಹದಕ್ಕೆ ತರುತ್ತಿದ್ದರು. ಅದರ ಒಳಗುಟ್ಟು ಇಷ್ಟೇ: ಎಣ್ಣೆಯನ್ನು ತೀರಾ ತೆಳುವಾಗಿ ಹಚ್ಚಿ ಚೆನ್ನಾಗಿ ಕಾಯಿಸಿದರೆ, ಅದರ ಅಣುಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಆಮೇಲೆ ಅದು ಎಣ್ಣೆಯಲ್ಲ, ಕಬ್ಬಿಣಕ್ಕೆ ಹೊದಿಸಿದ ಕಪ್ಪು ಮೆರುಗು. ತುಕ್ಕನ್ನೂ ತಡೆಯುತ್ತದೆ, ದೋಸೆಯನ್ನೂ ಬಿಟ್ಟುಕೊಡುತ್ತದೆ. ಇದಕ್ಕೆ ಕನೋಲ, ಸೋಯಾ, ಸೂರ್ಯಕಾಂತಿಯಂಥ ಎಣ್ಣೆ ಒಳ್ಳೆಯದು. ಕೊಬ್ಬರಿ ಎಣ್ಣೆ, ತುಪ್ಪ ಊಟಕ್ಕೆ ರುಚಿಯೇ ಹೊರತು ಹೀಗೆ ಹೆಣೆದುಕೊಳ್ಳುವ ಗುಣ ಅವಕ್ಕೆ ಕಡಿಮೆ.

ಮಾಡುವ ಕ್ರಮ ಹೀಗೆ. ಬಾಣಲೆಯನ್ನು ಸೋಪು ಹಾಕಿ ತೊಳೆದು, ಒಲೆಯ ಮೇಲಿಟ್ಟು ನೀರಿನ ಪಸೆ ಪೂರ್ತಿ ಆರಿಸಿ. ಬೆಚ್ಚಗಿರುವಾಗಲೇ ಒಳಗೆ, ಹೊರಗೆ, ಹಿಡಿಗೆ ಎಲ್ಲ ಎಣ್ಣೆ ಸವರಿ. ಈಗ ಒಂದು ಒಣ ಬಟ್ಟೆ ತೆಗೆದುಕೊಂಡು, ಎಣ್ಣೆ ಹಚ್ಚಿದ್ದನ್ನೇ ಮರೆತವರಂತೆ ಒರೆಸಿ ತೆಗೆಯಿರಿ. ಇದೇ ಮುಖ್ಯ. ಎಣ್ಣೆ ದಪ್ಪವಾದರೆ ಮೆರುಗು ಬಾರದೆ ಅಂಟಂಟಾಗುತ್ತದೆ. ಆಮೇಲೆ 450 ಡಿಗ್ರಿ ಫ್ಯಾರನ್‌ಹೀಟ್ ಅವನ್ನಿನಲ್ಲಿ ಬೋರಲು ಹಾಕಿ ಒಂದು ಗಂಟೆ ಬಿಟ್ಟು, ಅಲ್ಲೇ ತಣಿಯಲು ಬಿಡಿ. ಹೀಗೆ ಮೂರು ನಾಲ್ಕು ಸಲ. ಕಿಟಕಿ ತೆರೆದಿಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹೊಗೆಯ ಅಲಾರಾಂ ಕೂಗಿ ನೆರೆಯವರೆಲ್ಲ ಬಂದು ಕ್ಷೇಮಸಮಾಚಾರ ವಿಚಾರಿಸುತ್ತಾರೆ! ಲಾಡ್ಜ್‌ನವರು 2002ರಿಂದ ಪಳಗಿಸಿದ ಬಾಣಲೆಗಳನ್ನೇ ಮಾರುತ್ತಿದ್ದಾರೆ. ಆದರೂ ತಂದ ದಿನವೇ ನೀರ್‌ದೋಸೆ ಎಬ್ಬಿಸುತ್ತೇನೆಂದು ಹೊರಡಬೇಡಿ. ಮೊದಲ ಕೆಲವು ವಾರ ಈರುಳ್ಳಿ ಹುರಿಯಿರಿ, ಆಲೂಗಡ್ಡೆ ಹುರಿಯಿರಿ, ಪೂರಿ ಕರಿಯಿರಿ, ಎಣ್ಣೆ ಧಾರಾಳವಾಗಿ ಹಾಕಿ ಉತ್ತಪ್ಪ ಮಾಡಿ. ಅಡಿಗೆ ಮಾಡಿದಷ್ಟೂ ಬಾಣಲೆ ಪಳಗುತ್ತದೆ.

ಬೀಡಿನ ಸ್ವಭಾವ ಸ್ವಲ್ಪ ಹಿರಿಯರಂತೆ: ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದಿಲ್ಲ. ಉರಿ ಮಧ್ಯಮಕ್ಕಿಂತ ಕಡಿಮೆ ಇಟ್ಟು ಐದು ಹತ್ತು ನಿಮಿಷ ಕಾಯಲು ಬಿಡಿ. ಅತಿಯಾಗಿ ಕಾದರೆ ದೋಸೆ ಹಿಟ್ಟು ಹರಡುವ ಮೊದಲೇ ಸೌಟಿಗೆ ಮುದ್ದೆಯಾಗಿ ಅಂಟಿಕೊಂಡು ಬರುತ್ತದೆ. ನಮ್ಮ ಹೋಟೆಲುಗಳಲ್ಲಿ ದೋಸೆ ಹುಯ್ಯುವ ಮುನ್ನ ನೀರು ಚಿಮುಕಿಸಿ ಪೊರಕೆಯಿಂದ ಸವರುವುದು ಕಾವಲಿಯ ಮೇಲ್ಮೈ ಬಿಸಿ ಇಳಿಸಲಿಕ್ಕೇ. ಮನೆಯಲ್ಲಿ ನಾಲ್ಕು ಹನಿ ನೀರು, ಅರ್ಧ ಕತ್ತರಿಸಿದ ಈರುಳ್ಳಿ ಸಾಕು. ಸ್ಕಿಲೆಟ್ಟಿನ ಅಂಚು ತೆಳು ದೋಸೆ ಹರಡಲು ಅಡ್ಡಬರುತ್ತದೆ. ಅದಕ್ಕೆ ಅಂಚಿಲ್ಲದ ಚಪ್ಪಟೆ ಕಾವಲಿಯೇ ಸರಿ. ಆದರೆ ಸೆಟ್ ದೋಸೆಗೆ, ಅಕ್ಕಿ ರೊಟ್ಟಿಗೆ ಸ್ಕಿಲೆಟ್ಟಿನಂಥದು ಬೇರೊಂದಿಲ್ಲ. ಊರಿನಲ್ಲಿ ತೆಳು ಕಬ್ಬಿಣದ ಬಾಣಲೆಯಲ್ಲಿ ರೊಟ್ಟಿ ತಟ್ಟುವವರು, ಒಂದು ರೊಟ್ಟಿ ಆದ ಮೇಲೆ ಬಾಣಲೆಯನ್ನು ಬೋರಲು ಹಾಕಿ ಬೆನ್ನಿಗೆ ನೀರು ಹೊಯ್ದು ತಣಿಸುವುದುಂಟು. ಬೀಡಿಗೆ ಆ ಉಪಚಾರ ಸಲ್ಲದು. ಬಿಸಿ ಬೀಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಅದಕ್ಕೇ ನಮ್ಮಲ್ಲಿ ಎರಡು ಬಾಣಲೆ: ಒಂದು ಒಲೆಯ ಮೇಲಿದ್ದರೆ ಇನ್ನೊಂದು ತಾನಾಗಿ ತಣಿಯುತ್ತಿರುತ್ತದೆ.

ತೊಳೆಯುವುದರ ಬಗ್ಗೆ ಇಲ್ಲದ ಭಯ ಹಬ್ಬಿದೆ. ಸೋಪು ಸೋಕಿಸಲೇಬಾರದು ಎನ್ನುವುದು ಕಟುವಾದ ಕ್ಷಾರದ ಸೋಪುಗಳ ಕಾಲದ ಮಾತು. ಈಗಿನ ಪಾತ್ರೆ ಸೋಪು ಸ್ವಲ್ಪ ಹಾಕಿದರೆ ಏನೂ ಆಗುವುದಿಲ್ಲ. ತಳ ಹಿಡಿದಿದ್ದರೆ ಕಲ್ಲುಪ್ಪು ಹಾಕಿ ಉಜ್ಜಿ. ಬಾಣಲೆ ಕೆಡುವುದು ನೀರಿನಲ್ಲಿ ನೆನೆಯುವುದರಿಂದ. ತೊಳೆದ ಕೂಡಲೇ ಒರೆಸಿ, ಒಲೆಯ ಮೇಲೆ ಎರಡು ನಿಮಿಷ ಬಿಸಿ ಮಾಡಿ, ಒಂದು ತೊಟ್ಟು ಎಣ್ಣೆ ಸವರಿ ಇಟ್ಟರೆ ದಿನದ ಸೇವೆ ಮುಗಿಯಿತು. ಗಾಜಿನ ಮೇಲ್ಮೈಯ ಒಲೆ ಇರುವವರು ಬಾಣಲೆಯನ್ನು ಎಳೆದಾಡದೆ ಎತ್ತಿ ಇಡಿ, ಗಾಜು ಗೀಚುತ್ತದೆ.

ಹೀಗಿದ್ದೂ ಒಮ್ಮೆ ನಮ್ಮ ಮನೆಗೆ ಬಂದ ನೆಂಟರೊಬ್ಬರು, ನಾವು ಏಳುವ ಮೊದಲೇ ಉಪಕಾರ ಮಾಡೋಣವೆಂದು ವ್ಯಾಗ್ನರ್ ಬಾಣಲೆಯನ್ನು ಡಿಶ್‌ವಾಷರಿಗೆ ಹಾಕಿಬಿಟ್ಟರು. ಹೊರಗೆ ಬಂದಾಗ ಅದಕ್ಕೆ ಕಾವಿ ಬಳಿದಂತಿತ್ತು. ಪಾಪ, ಅವರ ಮುಖ ನೋಡಲಾಗಲಿಲ್ಲ. ಸ್ಟೀಲ್ ವೂಲಿನಿಂದ ತುಕ್ಕನ್ನೆಲ್ಲ ಉಜ್ಜಿ, ತೊಳೆದು, ಒಣಗಿಸಿ, ಅವರ ಕೈಯಲ್ಲೇ ಎಣ್ಣೆ ಹಚ್ಚಿಸಿ ಅವನ್ನಿಗೆ ಹಾಕಿದೆವು. ಮೂರನೆಯ ದಿನ ಅವರಿಗೇ ಅದರಲ್ಲಿ ರೊಟ್ಟಿ ತಟ್ಟಿ ಬಡಿಸಿದೆವು. ನಾನ್‌ಸ್ಟಿಕ್ಕಿನ ಲೇಪ ಹೋದರೆ ಹೋಯಿತು. ಇದರ ಮೆರುಗನ್ನು ಮನೆಯಲ್ಲೇ ಮತ್ತೆ ಬರಿಸಬಹುದು.

ಅದರಲ್ಲಿ ಮಾಡಬಾರದ್ದೂ ಕೆಲವು ಇವೆ. ಹುಣಸೆಹಣ್ಣಿನ ಗೊಜ್ಜು, ಟೊಮೇಟೊ ಸಾರು ಕುದಿಸಿದರೆ ಹುಳಿ ಆ ಮೆರುಗನ್ನು ತಿಂದುಹಾಕುತ್ತದೆ, ಸಾರಿಗೂ ಕಬ್ಬಿಣದ ರುಚಿ ಹತ್ತುತ್ತದೆ. ಬದನೆಕಾಯಿ, ಬಾಳೆಕಾಯಿ ಪಲ್ಯ ಕಪ್ಪಾಗುವುದುಂಟು. ಕಬ್ಬಿಣ ಅಡಿಗೆಗೆ ಇಳಿಯುವುದಂತೂ ನಿಜ: 1986ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಸೇಬಿನ ಸಾಸಿನಲ್ಲಿ 100 ಗ್ರಾಮಿಗೆ ಅರ್ಧ ಮಿಲಿಗ್ರಾಮಿಗೂ ಕಡಿಮೆ ಇದ್ದ ಕಬ್ಬಿಣ, ಬೀಡಿನ ಪಾತ್ರೆಯಲ್ಲಿ ಬೇಯಿಸಿದ ಮೇಲೆ 7 ಮಿಲಿಗ್ರಾಮ್ ದಾಟಿತ್ತು. ರಕ್ತ ಕಡಿಮೆ ಇರುವವರಿಗೆ ಇದು ಅನುಕೂಲವಾದೀತು. ಆದರೆ ಔಷಧಿಗೆ ಬದಲಲ್ಲ. ದೇಹದಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ತೂಕದ ಮಾತು ಹೇಳದಿದ್ದರೆ ಬರಹ ಪೂರ್ತಿಯಾಗದು. ಹನ್ನೆರಡು ಇಂಚಿನ ಬಾಣಲೆ ಸುಮಾರು ಎಂಟು ಪೌಂಡು. ನಲವತ್ತರ ವಯಸ್ಸಿನಲ್ಲಿ ನಾವು ಒಂದು ಕೈಯಲ್ಲಿ ಎತ್ತುತ್ತಿದ್ದೆವು. ಈಗ ಒಬ್ಬರಿಗೆ ಮಣಿಕಟ್ಟಿನ ನೋವು, ಇನ್ನೊಬ್ಬರಿಗೆ ಭುಜದ ನೋವು. ಇಬ್ಬರೂ ಒಂದೊಂದು ಕಡೆ ಹಿಡಿದು ಒಲೆಗೆ ಏರಿಸುತ್ತೇವೆ. ಎಷ್ಟು ದಿನ ಹೀಗೆ ಎಂದು ಯೋಚಿಸುವಾಗ, ಶಿಕಾಗೊದಲ್ಲಿ ಹೊಸದಾಗಿ ಮನೆ ಮಾಡಿದ ಮಗಳು ಬೇರೆ ಏನನ್ನೂ ಕೇಳದೆ ಆ ವ್ಯಾಗ್ನರ್ ಬಾಣಲೆಯನ್ನೇ ಕೇಳಿದಳು. ಕೊಡಲು ನಮಗೆ ಮನಸ್ಸಿರಲಿಲ್ಲ. ಇಪ್ಪತ್ತು ವರ್ಷ ನಮ್ಮ ಕೈಯಲ್ಲಿ ಪಳಗಿದ್ದು. ಒಂದು ವಾರ ಹಿಂದುಮುಂದು ನೋಡಿ, ಕೊನೆಗೆ ಹಳೆಯ ಪಂಚೆಯಲ್ಲಿ ಸುತ್ತಿ ಕಾರಿನಲ್ಲಿಟ್ಟು ಕಳಿಸಿದೆವು. ನಾವು ಹಗುರವಾದ ಎಂಟು ಇಂಚಿನದನ್ನು ಇಟ್ಟುಕೊಂಡೆವು, ರೊಟ್ಟಿಗಳೂ ಚಿಕ್ಕವಾದವು.

ಇಲ್ಲೇ ಹುಟ್ಟಿ ಬೆಳೆದ ಅವಳ ಜೊತೆ ಫೋನಿನ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಆದರೆ ಬಾಣಲೆ ಹೋದ ಮೇಲೆ ಭಾನುವಾರ ಬೆಳಿಗ್ಗೆ ಫೋನು ಬರುತ್ತದೆ: "ಅಮ್ಮ, ರೊಟ್ಟಿ ಏಳ್ತಾ ಇಲ್ಲ. ಬಾಣಲೆ ಮುನಿಸ್ಕೊಂಡಿದೆ." ಉರಿ ಎಷ್ಟಿದೆ, ಎಣ್ಣೆ ಹಾಕಿದೆಯಾ, ಅವಸರ ಮಾಡಬೇಡ, ಅಂಚು ತಾನಾಗಿ ಬಿಡುವ ತನಕ ಮಗುಚುವ ಕೈ ಹಾಕಬೇಡ ಎಂದು ನಾವಿಬ್ಬರೂ ಒಟ್ಟಿಗೆ ಹೇಳುತ್ತೇವೆ. ಮುನಿಸು, ಪಳಗು, ಹದ, ಪಸೆ ಎಂಬ ಮಾತುಗಳಿಗೆ ಅವಳ ಇಂಗ್ಲಿಷಿನಲ್ಲಿ ಜಾಗವಿಲ್ಲ. ಆದ್ದರಿಂದ ಅವು ಕನ್ನಡದಲ್ಲೇ ಉಳಿದಿವೆ. ಕನ್ನಡ ಶಾಲೆಗೆ ಕಳಿಸಿ ಕಲಿಸಲಾಗದ ಈ ಮಾತುಗಳು ಬಾಣಲೆಯ ಜೊತೆ ಹೋದವಲ್ಲ ಎಂದು ಈಗ ನಮಗೆ ಸಮಾಧಾನ.

ಶುರುಮಾಡಬೇಕೆಂದಿರುವವರು ಹೆದರದೆ ಒಂದು ಬಾಣಲೆ ತನ್ನಿ. ತುಕ್ಕು ಹಿಡಿದದ್ದು ಯಾರ ಬೇಸ್‌ಮೆಂಟಿನಲ್ಲಾದರೂ ಬಿದ್ದಿದ್ದರೆ ಕೂಟದ ಮುಂದಿನ ಪಿಕ್ನಿಕ್ಕಿಗೆ ಹೊತ್ತು ತನ್ನಿ. ಸ್ಟೀಲ್ ವೂಲು, ಎಣ್ಣೆ ನಮ್ಮದು. ಉಜ್ಜುವ ತೋಳು ನಿಮ್ಮದು. ಏನಂತೀರಿ?