ಅಣ್ಣನವರ ಚಹದ ಗಿಂಡಿ

ನಮ್ಮ ಅಣ್ಣನವರು ಉದ್ಯೋಗನಿಮಿತ್ತವಾಗಿ ಶಾಂಘಾಯಿಯಲ್ಲಿ ಏಳು ವರ್ಷವಿದ್ದು ಹಿಂದಿರುಗುವಾಗ ತಂದ ಸಾಮಾನುಗಳಲ್ಲಿ ಈಗ ನಮ್ಮ ಬಳಿ ಉಳಿದಿರುವುದು ಒಂದು ಮಣ್ಣಿನ ಗಿಂಡಿ. ಹಿಡಿಯಷ್ಟು ಗಾತ್ರ, ಕಂದುಗೆಂಪು ಬಣ್ಣ, ಗಾಜಿನಂತೆ ಹೊಳೆಯುವ ಲೇಪವೇನೂ ಇಲ್ಲ. ಮೊದಲು ಕಂಡಾಗ ಮಕ್ಕಳ ಆಟಿಗೆಯೆಂದೇ ಬಗೆದಿದ್ದೆವು.

ಇಂಥ ಗಿಂಡಿಗಳ ತವರು ಚೀನಾದೇಶದ ಜಿಯಾಂಗ್ಸು ಪ್ರಾಂತದಲ್ಲಿ, ತಾಯ್ ಸರೋವರದ ಪಡುವಣಕ್ಕಿರುವ ಯೀಶಿಂಗ್. ಅಲ್ಲಿಯ ಗುಡ್ಡಗಳಲ್ಲಿ ಅಗೆದು ತೆಗೆದ ಕಲ್ಲಿನಂಥ ಮಣ್ಣನ್ನು ಬಿಸಿಲುಮಳೆಗೆ ಬಿಟ್ಟು ಮಾಗಿಸಿ, ಪುಡಿಮಾಡಿ, ಕಲಸಿ ಹದಗೊಳಿಸುವರು. ಅದರ ಚೀನೀ ಹೆಸರಿಗೆ ನೇರಳೆ ಮರಳು ಎಂದರ್ಥ. ತಿಗರಿಯ ಮೇಲೆ ತಿರುಗಿಸಿ ಎತ್ತುವುದು ಅಲ್ಲಿಯ ಹಳೆಯ ಪದ್ಧತಿಯಲ್ಲ. ಮಣ್ಣನ್ನು ಮರದ ಕೊಡತಿಯಿಂದ ರೊಟ್ಟಿಯಂತೆ ಬಡಿದು, ಪಟ್ಟಿಯಾಗಿ ಕತ್ತರಿಸಿ, ಸುತ್ತಿ ಬೆಸೆದು, ಹಲಗೆಯಿಂದ ತಟ್ಟಿ ತಟ್ಟಿಯೇ ಹೊಟ್ಟೆಯನ್ನು ದುಂಡಗೆ ಮಾಡುವರು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿಯು ಅಚ್ಚುಕಟ್ಟಿದ ಚಹವನ್ನು ಕಪ್ಪವಾಗಿ ಕೊಳ್ಳುವುದನ್ನು ನಿಲ್ಲಿಸಿದನು. ಬಿಡಿ ಎಲೆಗೆ ಬಿಸಿನೀರೆರೆಯುವ ವಾಡಿಕೆ ಹಬ್ಬಿತು. ಗಿಂಡಿಗೆ ಮರ್ಯಾದೆ ಬಂದುದು ಅದರಿಂದ.

ಅಣ್ಣನವರ ಕ್ರಮ ಪೂಜೆಯ ಕ್ರಮದಂತಿತ್ತು. ಮೊದಲು ಕುದಿನೀರಿನಿಂದ ಗಿಂಡಿಯನ್ನು ಬೆಚ್ಚಗೆ ಮಾಡಿ ಚೆಲ್ಲುವರು. ಎಲೆ ಹಾಕಿ ನೀರೆರೆದು, ಮುಚ್ಚಳದ ಮೇಲೂ ಸುರಿದು, ಅರೆನಿಮಿಷದೊಳಗೆ ಪುಟ್ಟ ಬಟ್ಟಲುಗಳಿಗೆ ಬಗ್ಗಿಸುವರು. ಅದೇ ಎಲೆಗೆ ಐದು ಸಲ ನೀರು. ಹಾಲಿಲ್ಲ, ಸಕ್ಕರೆಯಿಲ್ಲ. “ಕಷಾಯವೇ ಬೇಕಾದರೆ ನಮ್ಮ ಜೀರಿಗೆ ಏನು ಪಾಪ ಮಾಡಿತ್ತು?” ಎಂದು ಅತ್ತಿಗೆಯವರು ನಗುವರು, ಒಂದು ಗುಟುಕನ್ನೂ ಕುಡಿದವರಲ್ಲ. ಲೇಪವಿಲ್ಲದ ಮಣ್ಣು ವಾಸನೆಯನ್ನು ಹೀರುವುದರಿಂದ ಒಂದು ಗಿಂಡಿಗೆ ಒಂದೇ ಜಾತಿಯ ಚಹ, ಸೋಪು ಸೋಕಿಸುವಂತಿಲ್ಲ. ಬಹುಕಾಲ ಬಳಸಿದ ಗಿಂಡಿಗೆ ಬರಿಯ ನೀರೆರೆದರೂ ಚಹವಾಗುವುದೆಂಬ ಮಾತುಂಟು. ನಾವು ಪರೀಕ್ಷಿಸಿದೆವು. ನಸುಗಂಪು ಬಂದಿತು, ಚಹ ಬರಲಿಲ್ಲ.

2019ರಲ್ಲಿ ಅಣ್ಣನವರು ತೀರಿಕೊಂಡರು. ಅತ್ತಿಗೆಯವರು ಗಿಂಡಿಯನ್ನು ನಮ್ಮ ಕೈಗಿತ್ತರು. ಒಡೆದೀತೆಂಬ ಭಯದಿಂದ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಎರಡು ಮಳೆಗಾಲ ಕಳೆದು ಮುಚ್ಚಳ ತೆಗೆದರೆ ಬೂಷ್ಟಿನ ನಾತ! ಮೂತಿಯ ಬುಡದಲ್ಲಿ ಅಣ್ಣನವರ ಕೈಯ ಎಲೆಯೊಂದು ಒಣಗಿ ಅಂಟಿಕೊಂಡಿತ್ತು. ಅದನ್ನು ಕೀಳಲು ಮನಸ್ಸಾಗದೆ ಒಂದು ದಿನ ಹಾಗೆಯೇ ಇಟ್ಟೆವು. ಮರುದಿನ ತೆಗೆದು ತುಲಸಿಯ ಬುಡಕ್ಕೆ ಹಾಕಿದೆವು. ಗಿಂಡಿಯನ್ನು ತಣ್ಣೀರಿನಲ್ಲಿ ಮುಳುಗಿಸಿ, ಬಿರುಕು ಬಿಡದಂತೆ ಮೆಲ್ಲನೆ ಕಾಯಿಸಿ, ನೀರು ಬದಲಿಸುತ್ತ ಮೂರು ಸಲ ಕುದಿಸಿದ ಮೇಲೆ ನಾತ ಅಡಗಿತು.

ಆ ಸಂಜೆ ಅತ್ತಿಗೆಯವರನ್ನು ಕರೆಸಿದೆವು. ಅವರು ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದು, ಮುಖ ಸಿಂಡರಿಸಿ, ಪೂರ್ತಿ ಕುಡಿದರು. ನಾವು ಎಲೆಯನ್ನು ಚೆಲ್ಲಲು ಎದ್ದಾಗ ತಡೆದರು.

“ಕೂತುಕೋ ಅಪ್ಪ. ಇನ್ನೂ ನಾಲ್ಕು ನೀರು ಬಾಕಿ ಇದೆ.”