ಡಬ್ಬಿ ಬಂತೇನು?

ಐವತ್ತರ ಹೊಸ್ತಿಲಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂರುವ ಯೋಗ ಎಲ್ಲರಿಗೂ ಬರುವುದಿಲ್ಲ. ನನಗೆ ಬಂತು. ಇಪ್ಪತ್ತೆರಡು ವರ್ಷ ಕೋಬಾಲ್ ಬರೆದು, ಮೇನ್‌ಫ್ರೇಮಿನ ಹಸಿರು ಅಕ್ಷರಗಳನ್ನು ನೋಡುತ್ತಲೇ ಕೂದಲು ಬೆಳ್ಳಗಾದ ಮೇಲೆ, 2013ರ ಒಂದು ಸೋಮವಾರ ಕಂಪನಿ ನನ್ನನ್ನು ವೈಟ್‌ಫೀಲ್ಡಿನ ಒಂದು ತರಬೇತಿ ಕೋಣೆಗೆ ಅಟ್ಟಿತು. ಐದು ದಿನದ ‘ಹ್ಯಾಂಡ್ಸ್ ಆನ್’ ತರಬೇತಿ. ವಿಷಯ, ಎಂಟರ್‌ಪ್ರೈಸ್ ಸರ್ವಿಸ್ ಬಸ್. ಮನೆಯಲ್ಲಿ ಹೇಳಿದಾಗ ಹೆಂಡತಿ ಹಿಟ್ಟಿನ ಕೈ ತೊಳೆಯುತ್ತಲೇ, “ಈ ವಯಸ್ಸಿನಾಗ ಬಸ್ ಹೊಡಿಯೋದು ಕಲಿಸ್ತಾರೇನು?” ಅಂದಳು.

ಕೋಣೆಯಲ್ಲಿ ಹದಿನಾರು ಮಂದಿ. ನನ್ನೊಬ್ಬನನ್ನು ಬಿಟ್ಟರೆ ಎಲ್ಲರೂ ನನ್ನ ಮಗಳ ವಾರಿಗೆಯವರು. ಪಕ್ಕದ ಹುಡುಗ ಪ್ರತಿ ಸ್ಲೈಡಿಗೂ “ಇದು ಸರ್ಟಿಫಿಕೇಷನ್‌ಗೆ ಬರುತ್ತಾ ಮೇಡಂ?” ಎಂದು ಕೇಳುತ್ತಿದ್ದ. ಹಿಂದಿನ ಸಾಲಿನವನೊಬ್ಬ ಫೋನು ಕಿವಿಗಿಟ್ಟು ಹೊರಗೆ ಹೋದರೆ ನಾಲ್ಕು ಗಂಟೆಯ ಸಮೋಸಾ ಹೊತ್ತಿಗೆ ಸರಿಯಾಗಿ ಒಳಗೆ ಬರುತ್ತಿದ್ದ. ಯಾವ ಗಡಿಯಾರವೂ ಅಷ್ಟು ಖಚಿತವಲ್ಲ. ಕಲಿಸಲು ಬಂದವಳು ಇಪ್ಪತ್ತೇಳರ ಹುಡುಗಿ. ಒಂದು ವಾರ ಪುಣೆ, ಇನ್ನೊಂದು ವಾರ ಚೆನ್ನೈ ಎಂದು ತಿರುಗುವ ಆಕೆಯ ಸೂಟ್‌ಕೇಸು ಕೋಣೆಯ ಮೂಲೆಯಲ್ಲಿ ಯಾವಾಗಲೂ ಹೊರಡಲು ತಯಾರಾದಂತೆ ನಿಂತಿರುತ್ತಿತ್ತು. ನನ್ನನ್ನು ‘ಸರ್’ ಎನ್ನಬೇಕೋ ಹೆಸರು ಹಿಡಿದು ಕರೆಯಬೇಕೋ ತಿಳಿಯದೆ, ಮೊದಲ ದಿನವಿಡೀ ಅವಳು ನನ್ನ ಕಡೆಗೆ ಬರೀ ಮುಗುಳ್ನಕ್ಕಳು.

ಅವಳು ಬೋರ್ಡಿನ ಮೇಲೆ ಹತ್ತು ಚುಕ್ಕೆ ಇಟ್ಟಳು. ಬ್ಯಾಂಕಿನೊಳಗೆ ಹತ್ತು ತಂತ್ರಾಂಶಗಳಿವೆ ಅಂದುಕೊಳ್ಳಿ ಎಂದಳು. ಪ್ರತಿಯೊಂದೂ ಉಳಿದ ಎಲ್ಲದರ ಜೊತೆ ನೇರವಾಗಿ ಮಾತಾಡಬೇಕಾದರೆ 45 ತಂತಿ ಎಳೆಯಬೇಕು. ಎಳೆದೂ ತೋರಿಸಿದಳು. ಚುಕ್ಕಿ ರಂಗೋಲಿಯಂತೆ ಶುರುವಾದದ್ದು ಬೆಕ್ಕು ಆಡಿಬಿಟ್ಟ ಶಾವಿಗೆಯಾಯಿತು. ಆಮೇಲೆ ಎಲ್ಲ ಅಳಿಸಿ ನಡುವೆ ಒಂದೇ ಒಂದು ಉದ್ದ ಗೆರೆ ಎಳೆದು, “ಇದು ಬಸ್. ಎಲ್ಲರೂ ಇದಕ್ಕೆ ಕೊಟ್ಟರೆ ಸಾಕು, ತಲುಪಿಸೋದು ಇದರ ಕೆಲಸ” ಎಂದಳು. ಒಬ್ಬನು ತಾರೀಖಿನಲ್ಲಿ ದಿನ ಮೊದಲು ಬರೆಯುತ್ತಾನೆ, ಇನ್ನೊಬ್ಬ ತಿಂಗಳು ಮೊದಲು. ನಡುವೆ ನಿಂತು ತರ್ಜುಮೆ ಮಾಡುವುದೂ ಬಸ್ಸೇ. ಬಸ್ ಎಂಬ ಪದ ‘ಆಮ್ನಿಬಸ್’ನ ಬಾಲವಂತೆ. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಎಲ್ಲರಿಗಾಗಿ’ ಎಂದು ಅರ್ಥ.

ನಾನು ಆ ಗೆರೆಯನ್ನು ನೋಡುತ್ತ ಕೂತೆ. ಅದರ ಒಂದು ತುದಿಯಲ್ಲಿ ಸವದತ್ತಿ ಕಡೆಯ ನಮ್ಮ ಹಳ್ಳಿಯೂ ಇನ್ನೊಂದು ತುದಿಯಲ್ಲಿ ಧಾರವಾಡದ ಬಸ್‌ಸ್ಟ್ಯಾಂಡೂ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು.

1983ರಲ್ಲಿ ನಾನು ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಊಟ ಊರಿನಿಂದ ಬರುತ್ತಿತ್ತು. ಆ ಸೀಮೆಯಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಿನ ಕೆಂಪು ಬಸ್ಸಿನಲ್ಲಿ ಡ್ರೈವರನ ಎಡಗಡೆ, ಎಂಜಿನ್ನಿನ ಬಿಸಿಗೆ, ಹತ್ತಿಪ್ಪತ್ತು ಡಬ್ಬಿಗಳು ಸಾಲಾಗಿ ಕೂತು ಬರುತ್ತಿದ್ದವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮರುದಿನ ಖಾಲಿ ಡಬ್ಬಿ ಅದೇ ಬಸ್ಸಿಗೆ. ವೈಟ್‌ಫೀಲ್ಡಿನ ಭಾಷೆಯಲ್ಲಿ ರೊಟ್ಟಿ ಪೇಲೋಡು, ಡಬ್ಬಿಯ ಮೇಲಿನ ಹೆಸರು ಹೆಡರು, ಖಾಲಿ ಡಬ್ಬಿ ಅಕ್ನಾಲೆಜ್‌ಮೆಂಟು. ಒಮ್ಮೆ ನನ್ನ ಹೆಸರಿನವನೇ ಇನ್ನೊಬ್ಬ ಸಪ್ತಾಪುರಕ್ಕೆ ಬಂದು ಒಂದು ವಾರ ನನ್ನ ಎಣ್ಣೆಗಾಯಿ ತಿಂದ. ಅವನ ಡಬ್ಬಿ ನನಗೆ ಬಂತೆನ್ನಿ, ಅದರಲ್ಲಿ ಬರೀ ಪುಂಡಿಪಲ್ಯ. ಅವ್ವ ಅಂದಿನಿಂದ ನನ್ನ ಡಬ್ಬಿಯ ಹಿಡಿಕೆಗೆ ಕೆಂಪು ದಾರ ಕಟ್ಟತೊಡಗಿದಳು. ಪ್ರತಿ ಸಂದೇಶಕ್ಕೂ ಬೇರೆಯದೇ ಗುರುತಿನ ಸಂಖ್ಯೆ ಇರಬೇಕು ಎಂದು ನಮ್ಮ ಹುಡುಗಿ ಮಂಗಳವಾರ ಒಂದು ಗಂಟೆ ಪಾಠ ಮಾಡಿದಳು. ಅವ್ವ ಅದನ್ನು ಒಂದು ಗೇಣು ದಾರದಲ್ಲಿ ಮುಗಿಸಿದ್ದಳು.

ಕೈಯಾರೆ ಮಾಡುವ ಕೆಲಸ ಬುಧವಾರ ಬಂತು. ನಾವು ಬಳಸುತ್ತಿದ್ದುದು ಮ್ಯೂಲ್ ಎಂಬ ತಂತ್ರಾಂಶ. ಬೇರೆ ಬೇರೆ ಯಂತ್ರಗಳನ್ನು ಹೊಂದಿಸುವ ಕತ್ತೆಚಾಕರಿಯಿಂದ ಜನರನ್ನು ಬಿಡಿಸಬೇಕು ಎಂದು ರಾಸ್ ಮೇಸನ್ ಎಂಬಾತ ಅದಕ್ಕೆ ಹೇಸರಗತ್ತೆಯ ಹೆಸರಿಟ್ಟನಂತೆ. (2018ರಲ್ಲಿ ಆ ಕತ್ತೆಯನ್ನು ಸೇಲ್ಸ್‌ಫೋರ್ಸ್ ಕಂಪನಿ 650 ಕೋಟಿ ಡಾಲರಿಗೆ ಕೊಂಡಿತು. ನಮ್ಮೂರ ಅಗಸರಿಗೆ ಹೇಳಿದರೆ ನಂಬಲಿಲ್ಲ.) ಅದು ಎಕ್ಲಿಪ್ಸ್ ಎಂಬುದರೊಳಗೆ ತೆರೆದುಕೊಳ್ಳಬೇಕು. ಆ ಲ್ಯಾಪ್‌ಟಾಪುಗಳಲ್ಲಿ ನಿಜವಾಗಿಯೂ ಗ್ರಹಣ ಬಿಡುವಷ್ಟು ಹೊತ್ತು ಹಿಡಿಯುತ್ತಿತ್ತು. ಅಭ್ಯಾಸ ಸರಳ: ಒಂದು ಫೋಲ್ಡರಿನಲ್ಲಿ ಕಡತ ಇಡಬೇಕು, ಬಸ್ಸು ಅದನ್ನು ಎತ್ತಿ ಇನ್ನೊಂದಕ್ಕೆ ಹಾಕಬೇಕು. ಮ್ಯೂಲ್ ಪ್ರತಿ 1,000 ಮಿಲಿಸೆಕೆಂಡಿಗೊಮ್ಮೆ ಆ ಫೋಲ್ಡರಿನಲ್ಲಿ ಇಣುಕಿ ನೋಡುತ್ತದೆ, ಬಂತೇನು, ಬಂತೇನು ಎಂದು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಹಸಿದು ಕೂತ ನಾವೂ ಹಾಗೇ ಇಣುಕುತ್ತಿದ್ದೆವು.

ನಾನು ಕಡತ ಇಟ್ಟೆ. ಕಣ್ಣು ಮಿಟುಕಿಸುವುದರಲ್ಲಿ ಅದು ಮಾಯ. ಹೋಗಬೇಕಾದ ಕಡೆಯೂ ಇಲ್ಲ, ಇಟ್ಟ ಕಡೆಯೂ ಇಲ್ಲ. ಬೆವತುಹೋದೆ. ಹುಡುಗಿ ಬಂದು ನೋಡಿ, “ಓದಿದ ಮೇಲೆ ಮೂಲವನ್ನು ಅಳಿಸೋದು ಇದರ ಸ್ವಭಾವ ಸರ್, ನೀವು ವಿಳಾಸದಲ್ಲಿ ಒಂದಕ್ಷರ ತಪ್ಪಿಸಿದ್ದೀರಿ” ಎಂದಳು. ನನ್ನ ಕಡತ ಯಾವುದೋ ಹೆಸರಿಲ್ಲದ ಮೂಲೆಯಲ್ಲಿ ಬಿದ್ದಿತ್ತು. ಹಾಗೆ ತಲುಪದೆ ಉಳಿದವುಗಳಿಗೇ ಒಂದು ಜಾಗ ಮಾಡಿಡಬೇಕು, ಅದರ ಹೆಸರು ‘ಡೆಡ್ ಲೆಟರ್ ಚಾನೆಲ್’ ಎಂದು ವಿವರಿಸಿದಳು. ಗ್ರೆಗರ್ ಹೋಪ್ ಮತ್ತು ಬಾಬಿ ವುಲ್ಫ್ 2003ರಲ್ಲಿ ಬರೆದ ಪುಸ್ತಕದ 65 ವಿನ್ಯಾಸಗಳಲ್ಲಿ ಅದೂ ಒಂದು.

ನನ್ನದೂ ಒಂದು ಡಬ್ಬಿ ಹಾಗೆ ತಲುಪದೆ ಉಳಿದಿತ್ತು. ಹುಬ್ಬಳ್ಳಿಗೆ ರಾಜಕುಮಾರ್ ಸಿನಿಮಾದ ಎರಡನೇ ಆಟಕ್ಕೆ ಹೋಗಿ, ಗೆಳೆಯನ ಕೋಣೆಯಲ್ಲೇ ಮಲಗಿ, ಮರುದಿನ ಮಧ್ಯಾಹ್ನ ಎದ್ದಿದ್ದೆ. ಯಾರೂ ಒಯ್ಯದ ಡಬ್ಬಿಯನ್ನು ಕಂಡಕ್ಟರು ಹಾಗೇ ಊರಿಗೆ ಒಯ್ದ. ತುಂಬಿದ ಡಬ್ಬಿ ತಿರುಗಿ ಬಂದದ್ದನ್ನು ನೋಡಿದ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು, ಅದೇ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಬಸ್ಸು ಹತ್ತಿದಳು. ಅಲ್ಲಿಯವರೆಗೆ ಅವಳು ಒಬ್ಬಳೇ ಧಾರವಾಡಕ್ಕೆ ಬಂದವಳಲ್ಲ. ಸಂಜೆ ನಾನು ಬಾಚಿದ ತಲೆಯಲ್ಲಿ, ಸಿನಿಮಾದ ಹಾಡು ಗುನುಗುತ್ತ ಬಂದರೆ ಕೋಣೆಯ ಬಾಗಿಲಲ್ಲಿ ಕೂತಿದ್ದಾಳೆ.

“ಮೈ ಹುಷಾರೈತೇನಪಾ?”

“ಹೂಂ ಅವ್ವಾ, ಏನಾಗೈತಿ ನನಗ?”

ಹುಷಾರಾಗಿದ್ದೇನೆ ಎಂದು ಖಾತ್ರಿಯಾದ ಮೇಲೆ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಡಬ್ಬಿ ಬಿಚ್ಚಿದಳು. “ಪಲ್ಯ ಹಳಸೇತಿ. ರೊಟ್ಟಿಗೆ ಏನೂ ಆಗಿಲ್ಲ” ಎಂದು ಮುರಿದು ಕೊಟ್ಟಳು. ಇಬ್ಬರೂ ಚಟ್ನಿ ಹಚ್ಚಿಕೊಂಡು ತಿಂದೆವು. ಅವಳೂ ಬೆಳಗಿನಿಂದ ಉಂಡಿರಲಿಲ್ಲ ಎಂದು ನನಗೆ ಹೊಳೆದದ್ದು ಅವಳು ನಾಲ್ಕನೇ ರೊಟ್ಟಿ ಮುರಿದಾಗ.

ಇದನ್ನೆಲ್ಲ ನಾನು ತರಗತಿಯಲ್ಲಿ ಹೇಳಲಿಲ್ಲ. ಗುರುವಾರ ಊಟದ ಹೊತ್ತಿಗೆ ಮಾತ್ರ ಹೇಳಿದೆ, ಅದೂ ಹುಡುಗಿಯ ಫೋನು ದಿನಾ ಒಂದು ಗಂಟೆಗೆ ಸರಿಯಾಗಿ ಬಡಿದುಕೊಳ್ಳುವುದನ್ನು ಕಂಡು. ಕೊಪ್ಪಳದಿಂದ ಅವರಮ್ಮ. “ಊಟ ಆಯ್ತಾ?” “ಆಯ್ತು.” ಇಷ್ಟೇ ಮಾತು. ಊಟ ಆಗದಿದ್ದರೂ ಆಯ್ತು. “ಹಾರ್ಟ್‌ಬೀಟ್ ಮೆಸೇಜ್ ಸರ್” ಎಂದು ನಕ್ಕಳು. ಆ ತಂತ್ರಾಂಶಗಳೂ ಹೀಗೆ ಆಗಾಗ ಒಂದು ಖಾಲಿ ಸಂದೇಶ ಕಳಿಸುತ್ತಿರುತ್ತವೆ. ಅದರೊಳಗೆ ಸುದ್ದಿ ಏನೂ ಇರುವುದಿಲ್ಲ. ಬಾರದಿದ್ದಾಗ ಮಾತ್ರ ಸುದ್ದಿ. ನನ್ನ ಕಥೆ ಕೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ತಟ್ಟೆಯಲ್ಲಿ ಚಮಚ ಆಡಿಸಿ, ಎದ್ದು ಕಾರಿಡಾರಿಗೆ ಹೋಗಿ ಮತ್ತೊಮ್ಮೆ ಫೋನು ಮಾಡಿದಳು. ಅವತ್ತು ಮಧ್ಯಾಹ್ನದ ಪಾಠ ಹತ್ತು ನಿಮಿಷ ತಡವಾಗಿ ಶುರುವಾಯಿತು. ಸರ್ಟಿಫಿಕೇಷನ್ ಹುಡುಗ ಗೊಣಗಿದ.

ಶುಕ್ರವಾರ ಸಂಜೆ ಗುಂಪು ಫೋಟೊ, ಪ್ರಮಾಣಪತ್ರ, ಅಭಿಪ್ರಾಯದ ಚೀಟಿ. ಎಲ್ಲಕ್ಕೂ ಐದಕ್ಕೆ ಐದು ಕೊಟ್ಟೆ. ಸಮೋಸಾಕ್ಕೆ ಮೂರು. ಆಮೇಲೆ ಆ ಬಸ್ಸಿನ ಕೆಲಸ ನನಗೆ ಬರಲೇ ಇಲ್ಲ. ಮತ್ತೆ ಕೋಬಾಲಿಗೇ ಹಿಂತಿರುಗಿದೆ. ಈಗ ಬಸ್ಸು ಹಳತಾಯಿತು, ಮೈಕ್ರೋಸರ್ವಿಸ್ ಬಂತು ಎನ್ನುತ್ತಾರೆ. ಇರಬಹುದು.

ಅವ್ವ ಹೋಗಿ ಒಂಬತ್ತು ವರ್ಷವಾಯಿತು. ಕಳೆದ ತಿಂಗಳು ಊರಿಗೆ ಹೋದಾಗ ಬೆಳಗಿನ ಬಸ್ಸಿಗೆ ಸುಮ್ಮನೆ ಹೋಗಿ ನಿಂತಿದ್ದೆ. ಡ್ರೈವರನ ಎಡಗಡೆ ಆರು ಡಬ್ಬಿಗಳಿದ್ದವು. ಹೆಸರಿನ ಕೆಳಗೆ ಈಗ ಮೊಬೈಲ್ ನಂಬರನ್ನೂ ಬರೆದಿರುತ್ತಾರೆ.